ಕುಂಕಳ್ಳಿಯ ಬಾವಿಕಟ್ಟೆ: ಪುನೀತ ರುಡಾಲ್ಫ್ ಅಕ್ವಾವಿವಾ ಅವರ ಚರಿತ್ರೆಯ ಮರುಓದು

ಕಿರಿಮಂಜೇಶ್ವರವನ್ನು ಹಾದು ಉತ್ತರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳನ್ನು ದಾಟಿ ಗೋವೆಯನ್ನು ಪ್ರವೇಶಿಸುತ್ತದೆ. ಕಾಣಕೋಣದ ಗುಡ್ಡಗಳನ್ನಿಳಿದು ಮಡಗಾಂವಿಗೆ ತಲುಪುವ ಮೊದಲು ಅದು ಒಂದು ಊರನ್ನು ಹಾಯುತ್ತದೆ. ಆ ಊರಿನ ಹೆಸರು ಕುಂಕಳ್ಳಿ. ಹಳೆಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆಂದು ಹೊರಡುವ ನಮ್ಮ ಕರಾವಳಿಯ ಯಾತ್ರಿಕರ ಬಸ್ಸುಗಳು ಈ ಊರನ್ನು ನಿಲ್ಲದೆ ದಾಟಿಹೋಗುತ್ತವೆ. 2024ರ ನವೆಂಬರ್ ತಿಂಗಳಿನಿಂದ 2025ರ ಜನವರಿಯವರೆಗೆ ಸಂತರ ಶರೀರವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟಿದ್ದಾಗಲೂ ಸಾವಿರಾರು ಕುಟುಂಬಗಳು ಹಾಗೆಯೇ ದಾಟಿಹೋದವು. ಆ ದರ್ಶನ ನಡೆದ ಸೇ ಪ್ರಧಾನಾಲಯದಲ್ಲಿಯೇ ಕುಂಕಳ್ಳಿಯಲ್ಲಿ ಹತರಾದ ಐವರ ಅವಶೇಷಗಳೂ ಇವೆಯೆಂಬುದು ಯಾತ್ರಿಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

1583ರ ಜುಲೈ 25ರಂದು, ಹಳೆಯ ಪಂಚಾಂಗದ ಲೆಕ್ಕದಲ್ಲಿ ಜುಲೈ 15ರಂದು, ಯೇಸುಸಭೆಯ ಐವರು ಧಾರ್ಮಿಕರು ಈ ಊರಿನಲ್ಲಿ ಕೊಲೆಯಾದರು. ಅವರ ಮುಖಂಡರು ಇಟಲಿಯ ರುಡಾಲ್ಫ್ ಅಕ್ವಾವಿವಾ. ಆಗ ಅವರಿಗೆ ಕೇವಲ ಮೂವತ್ತೆರಡು ವರ್ಷ. ಜಗದ್ಗುರು ಹದಿಮೂರನೆಯ ಲಿಯೋ ಅವರು 1893ರಲ್ಲಿ ಈ ಐವರನ್ನು ಪುನೀತರೆಂದು ಸಾರಿದರು. ನಮ್ಮ ಪೂರ್ವಜರಲ್ಲಿ ಅನೇಕರು ಬಿಟ್ಟುಬಂದ ಸಾಷ್ಟಿ ಪ್ರಾಂತದ ನೆಲದಲ್ಲಿಯೇ ನಡೆದ ಈ ಘಟನೆಯನ್ನು ನಾವು ಹೇಗೆ ನೆನೆಯುತ್ತಿದ್ದೇವೆ, ಹೇಗೆ ನೆನೆಯಬೇಕು ಎಂಬುದೇ ಈ ಬರಹದ ವಿಚಾರ.

ರಕ್ತಸಾಕ್ಷಿಗಳ ಚರಿತ್ರೆಗೆ ಒಂದು ರೂಢಿಯ ಅಚ್ಚು ಇದೆ. ಅರಮನೆಯಲ್ಲಿ ಹುಟ್ಟಿದ ಯುವಕ, ಸುಖವನ್ನು ತೊರೆದು ಧರ್ಮಸಭೆಯ ಸೇವೆಗೆ ಬರುತ್ತಾನೆ. ಏಳು ಸಮುದ್ರಗಳನ್ನು ದಾಟುತ್ತಾನೆ. ಕ್ರೂರ ಜನರ ನಡುವೆ ಶಿಲುಬೆಯನ್ನು ನೆಡಲು ಹೋಗಿ ಖಡ್ಗಕ್ಕೆ ಕೊರಳೊಡ್ಡುತ್ತಾನೆ. ಕೊಲ್ಲುವವರನ್ನು ಕ್ಷಮಿಸುತ್ತಾ ಪ್ರಾಣ ಬಿಡುತ್ತಾನೆ. ಅಕ್ವಾವಿವಾ ಅವರ ವಿಷಯದಲ್ಲಿ ಈ ಮಾತುಗಳು ಬಹುಮಟ್ಟಿಗೆ ನಿಜವೇ. ಆದರೆ ನಿಜವಾದ ಮಾತುಗಳನ್ನು ಪೋಣಿಸಿಯೂ ಅಪೂರ್ಣವಾದ ಕಥೆಯನ್ನು ಹೇಳಲು ಸಾಧ್ಯವಿದೆ. ಕಥೆ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾರ ಹೆಸರು ಅದರಲ್ಲಿ ಬರುವುದಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಕೇಳಿದೊಡನೆ ಈ ಅಚ್ಚು ಸಾಲದಾಗುತ್ತದೆ.

ಅಟ್ರಿಯಿಂದ ಫತೇಪುರ ಸಿಕ್ರಿಗೆ

ರುಡಾಲ್ಫ್ 1550ರ ಅಕ್ಟೋಬರ್ 2ರಂದು ನೇಪಲ್ಸ್ ರಾಜ್ಯದ ಅಟ್ರಿಯಲ್ಲಿ, ಅಲ್ಲಿನ ಡ್ಯೂಕರ ಮಗನಾಗಿ ಜನಿಸಿದರು. 1568ರಲ್ಲಿ ರೋಮಿನಲ್ಲಿ ಯೇಸುಸಭೆಯನ್ನು ಸೇರಿದರು. ಅದೇ ವರ್ಷ ಹದಿನೇಳರ ಹರೆಯದಲ್ಲಿ ತೀರಿಕೊಂಡ ಸಂತ ಸ್ತಾನಿಸ್ಲಾಸ್ ಕೋಸ್ತ್ಕಾ ಅಲ್ಲಿ ಅವರ ಸಹ ಅಭ್ಯರ್ಥಿ. ಮುಂದೆ 1581ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರಾಗಿ ಚುನಾಯಿತರಾದ ಕ್ಲಾಡಿಯೋ ಅಕ್ವಾವಿವಾ ಇವರ ಚಿಕ್ಕಪ್ಪ. 1578ರ ಮಾರ್ಚ್ 24ರಂದು ಲಿಸ್ಬನ್ನಿನಿಂದ ಹೊರಟ ಹಡಗುಗಳಲ್ಲಿ ರುಡಾಲ್ಫರೊಡನೆ ಇನ್ನೊಬ್ಬ ತರುಣರೂ ಇದ್ದರು: ಮುಂದೆ ಚೀನಾ ದೇಶದ ಭಾಷೆ, ಗ್ರಂಥ, ಉಡುಗೆಗಳನ್ನು ತಮ್ಮದಾಗಿಸಿಕೊಂಡು ಬೀಜಿಂಗಿನಲ್ಲಿ ನೆಲೆಸಿದ ಮತ್ತೇಯೋ ರಿಚ್ಚಿ. ಸೆಪ್ಟೆಂಬರ್ 13ರಂದು ಅವರೆಲ್ಲರೂ ಗೋವೆಯಲ್ಲಿ ಇಳಿದರು.

ಮರುವರ್ಷವೇ ಅಕ್ಬರ್ ಬಾದಶಹನ ದೂತರು ಗೋವೆಗೆ ಬಂದರು. ಕ್ರೈಸ್ತ ಧರ್ಮವನ್ನು ಬಲ್ಲ ಪಂಡಿತರನ್ನು ತನ್ನ ಆಸ್ಥಾನಕ್ಕೆ ಕಳುಹಿಸಬೇಕೆಂಬುದು ಅವನ ಕೋರಿಕೆ. ಮೂವರನ್ನು ಆರಿಸಲಾಯಿತು: ಅಕ್ವಾವಿವಾ, ಕತಲಾನ್ ಮೂಲದ ಅಂತೋನಿಯೋ ಮೊನ್ಸೆರಾತೆ, ಹಾಗೂ ಹೋರ್ಮುಜ್‌ನ ಪರ್ಷಿಯನ್ ಹುಟ್ಟಿನ ಫ್ರಾನ್ಸಿಸ್ ಹೆನ್ರಿಕೆಸ್. 1579ರ ನವೆಂಬರ್‌ನಲ್ಲಿ ಗೋವೆಯನ್ನು ಬಿಟ್ಟ ಈ ತಂಡ 1580ರ ಫೆಬ್ರವರಿ ಕೊನೆಯಲ್ಲಿ ಫತೇಪುರ ಸಿಕ್ರಿಯನ್ನು ಮುಟ್ಟಿತು. ಅವರು ಬಾದಶಹನಿಗೆ ಒಪ್ಪಿಸಿದ ಕಾಣಿಕೆಯೆಂದರೆ ಹಲವು ಭಾಷೆಗಳಲ್ಲಿ ಅಚ್ಚಾದ ಪವಿತ್ರ ಗ್ರಂಥದ ಸಂಪುಟಗಳು. ಅಕ್ಬರ್ ಅವನ್ನು ತಲೆಯ ಮೇಲಿಟ್ಟು ಗೌರವಿಸಿದನೆಂದು ದಾಖಲೆಯಿದೆ.

ಮುಂದಿನ ಮೂರು ವರ್ಷಗಳು ಅಕ್ವಾವಿವಾ ಅವರ ಜೀವನದ ಅತ್ಯಂತ ಫಲವತ್ತಾದ ಕಾಲವೆಂಬುದು ನನ್ನ ಅಭಿಪ್ರಾಯ. ಅವರು ಪರ್ಷಿಯನ್ ಭಾಷೆಯನ್ನು ಕಲಿತರು. ಇಬಾದತ್‌ಖಾನೆಯ ಚರ್ಚೆಗಳಲ್ಲಿ ಮುಸ್ಲಿಂ ವಿದ್ವಾಂಸರೆದುರು ಕುಳಿತು ವಾದಿಸಿದರು. ಒಮ್ಮೆ ಎರಡು ಧರ್ಮಗಳ ಸತ್ಯವನ್ನು ಬೆಂಕಿಯಿಂದ ಪರೀಕ್ಷಿಸೋಣವೆಂಬ ಸಲಹೆ ಬಂತು: ಮುಲ್ಲಾ ಕುರಾನನ್ನು ಹಿಡಿದು, ಪಾದ್ರಿ ಶುಭಸಂದೇಶವನ್ನು ಹಿಡಿದು ಬೆಂಕಿಯನ್ನು ಹೊಗಬೇಕು, ಬದುಕಿ ಬಂದವನ ಧರ್ಮ ಸತ್ಯ. ರಕ್ತಸಾಕ್ಷಿಯಾಗಬೇಕೆಂದು ಹಂಬಲಿಸುತ್ತಿದ್ದ ಈ ತರುಣ ಅದನ್ನು ನಿರಾಕರಿಸಿದರು. ದೇವರನ್ನು ಪರೀಕ್ಷೆಗೆ ಒಡ್ಡುವುದು ಸಲ್ಲದೆಂಬುದು ಅವರ ನಿಲುವು. ಸಾಯಲು ಅಂಜದವರು ಪ್ರದರ್ಶನಕ್ಕಾಗಿ ಸಾಯಲು ಒಪ್ಪಲಿಲ್ಲ. ಅವರ ಮರಣವನ್ನು ಅರಿಯಲು ಈ ಒಂದು ನಿರಾಕರಣೆ ಬಹಳ ಮುಖ್ಯ.

ಬಾದಶಹ ಕ್ರೈಸ್ತನಾಗಲಿಲ್ಲ. ಆದರೆ ಈ ಬಡಕಲು ಸನ್ಯಾಸಿಯ ಮೇಲೆ ಅವನಿಗೆ ಆಳವಾದ ಪ್ರೀತಿ ಬೆಳೆಯಿತು. 1583ರಲ್ಲಿ ಬೀಳ್ಕೊಡುವಾಗ ಅವನು ಚಿನ್ನ ಬೆಳ್ಳಿಗಳನ್ನು ಕೊಡಲು ಮುಂದಾದಾಗ, ಅಕ್ವಾವಿವಾ ಕೇಳಿದ್ದು ಒಂದೇ ವರ: ಅರಮನೆಯಲ್ಲಿ ಗುಲಾಮರಾಗಿದ್ದ ರಷ್ಯಾದ ಮೂಲದ ಒಂದು ಕ್ರೈಸ್ತ ಕುಟುಂಬದ ಬಿಡುಗಡೆ. ಗಂಡ, ಹೆಂಡತಿ, ಮಕ್ಕಳು ಅವರೊಡನೆ ಗೋವೆಗೆ ಬಂದರು. ಯಾರನ್ನೂ ಮತಾಂತರಿಸದೆ ಮರಳಿದ ಈ ಸೇವೆಯನ್ನು ಹಲವು ಚರಿತ್ರಕಾರರು ಸೋಲೆಂದೇ ಲೆಕ್ಕಹಾಕಿದ್ದಾರೆ. ಒಂದು ಗುಲಾಮ ಕುಟುಂಬದ ಬಿಡುಗಡೆಯನ್ನು ಸೋಲೆನ್ನುವ ಲೆಕ್ಕಪುಸ್ತಕ ಯಾರದು ಎಂದು ಕೇಳುವ ಹಕ್ಕು ಶುಭಸಂದೇಶವನ್ನು ಓದಿದ ಎಲ್ಲರಿಗೂ ಇದೆ.

ಕಥೆ ಬರೆದವರು

ಅಕ್ವಾವಿವಾ ಅವರ ಪ್ರಸಿದ್ಧ ಚರಿತ್ರೆಯನ್ನು ಬರೆದವರು ಇಟಲಿಯ ಯೇಸುಸಭೆಯ ಇತಿಹಾಸಕಾರ ದಾನಿಯೆಲ್ಲೋ ಬಾರ್ತೋಲಿ. ಅದು ಪ್ರಕಟವಾದದ್ದು 1663ರಲ್ಲಿ, ಘಟನೆಯಾಗಿ ಎಂಬತ್ತು ವರ್ಷಗಳ ಬಳಿಕ. ಬಾರ್ತೋಲಿ ಭಾರತವನ್ನು ಎಂದೂ ಕಂಡವರಲ್ಲ. ಯೇಸುಸಭೆಯ ಪತ್ರಗಳನ್ನು ಓದಿ ಬರೆದವರು. ಅವರ ಗದ್ಯ ಮನೋಹರವಾದದ್ದೆಂದು ಇಟಾಲಿಯನ್ ಸಾಹಿತ್ಯಕ್ಕೆ ಗೊತ್ತು. ಯುರೋಪಿನ ತರುಣರು ಸೇವೆಗೆ ಬರುವಂತೆ ಹುರಿದುಂಬಿಸುವುದು ಇಂತಹ ಪುಸ್ತಕಗಳ ಗುರಿಯಾಗಿತ್ತು. ಆ ಗುರಿಗೆ ಕುಂಕಳ್ಳಿಯ ಜನರ ಮನಸ್ಸನ್ನು ಅರಿಯುವ ಅಗತ್ಯವಿರಲಿಲ್ಲ. 1710ರಲ್ಲಿ ಪ್ರಕಟವಾದ ಫ್ರಾನ್ಸಿಸ್ಕೋ ದೆ ಸೋಜಾ ಅವರ ಪೋರ್ಚುಗೀಸ್ ಗ್ರಂಥದ ಹೆಸರೇ ಗೆದ್ದ ಪೂರ್ವದೇಶ ಎಂಬ ಅರ್ಥದ್ದು. ಗೆಲುವಿನ ಕಥೆಯಲ್ಲಿ ಸೋತವರಿಗೆ ಮಾತಿರುವುದಿಲ್ಲ.

ಇನ್ನೊಂದು ಗ್ರಂಥವಿದೆ. ಅಕ್ವಾವಿವಾ ಅವರ ಸಹಪಯಣಿಗ ಮೊನ್ಸೆರಾತೆ, ಮುಂದೆ ಅರಬ್ ದೇಶದಲ್ಲಿ ಸೆರೆಯಾಳಾಗಿದ್ದ ವರ್ಷಗಳಲ್ಲಿ, ಅಕ್ಬರನ ಆಸ್ಥಾನದ ನೆನಪುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು ಮುಗಿಸಿದರು. ಆ ಹಸ್ತಪ್ರತಿ ಕಣ್ಮರೆಯಾಗಿ, 1906ರಲ್ಲಿ ಕಲ್ಕತ್ತದ ಒಂದು ಗ್ರಂಥಾಲಯದಲ್ಲಿ ಸಿಕ್ಕಿತು, 1914ರಲ್ಲಿ ಅಚ್ಚಾಯಿತು. ಅಂದರೆ 1893ರಲ್ಲಿ ಅಕ್ವಾವಿವಾ ಪುನೀತರೆಂದು ಘೋಷಿತರಾದಾಗ ಅವರನ್ನು ಹತ್ತಿರದಿಂದ ಕಂಡವರ ಈ ಬರಹ ಇನ್ನೂ ಪತ್ತೆಯಾಗಿರಲಿಲ್ಲ. ಮೊನ್ಸೆರಾತೆಗೂ ತಮ್ಮ ಕಾಲದ ಪೂರ್ವಗ್ರಹಗಳಿದ್ದವು; ಇಸ್ಲಾಮಿನ ಬಗ್ಗೆ ಅವರು ಕಟುವಾಗಿಯೇ ಬರೆದರು. ಆದರೂ ಊರುಗಳನ್ನು, ನದಿಗಳನ್ನು, ಬಾದಶಹನ ಮುಖಚರ್ಯೆಯನ್ನು ಕಂಡು ಬರೆದವರ ಮಾತಿಗೂ, ಕೇಳಿ ಬರೆದವರ ಮಾತಿಗೂ ವ್ಯತ್ಯಾಸವಿದೆ. ರಕ್ತಸಾಕ್ಷಿಗಳ ಕಥೆಯೆಂದು ನಮ್ಮ ಕಿವಿಗೆ ಬಿದ್ದದ್ದು ಬಾರ್ತೋಲಿಯ ದಾರಿಯಲ್ಲಿ ಬಂದದ್ದೇ ಹೊರತು ಮೊನ್ಸೆರಾತೆಯ ದಾರಿಯಲ್ಲಿ ಬಂದದ್ದಲ್ಲ. ಆದುದರಿಂದಲೇ ಮೂರು ವರ್ಷಗಳ ಸಂವಾದ ನಾಲ್ಕು ಸಾಲಿಗೆ ಇಳಿಯಿತು, ಒಂದು ಬೆಳಗಿನ ಕೊಲೆ ನಾಲ್ಕು ಪುಟಕ್ಕೆ ಏರಿತು.

ಆ ಬೆಳಗಿಗೆ ಮುಂಚೆ

ಸಾಷ್ಟಿ ಪ್ರಾಂತ 1543ರಲ್ಲಿ ಪೋರ್ಚುಗೀಸರ ವಶಕ್ಕೆ ಬಂತು. ಅಲ್ಲಿನ ಧರ್ಮಪ್ರಚಾರದ ಹೊಣೆ ಯೇಸುಸಭೆಗೆ ಸೇರಿತು. 1567ರಲ್ಲಿ ರಾಚೋಲ್ ಕೋಟೆಯ ಕ್ಯಾಪ್ಟನ್ ದಿಯೋಗೋ ರೊಡ್ರಿಗೆಸ್ ಈ ಪ್ರಾಂತದ ಹಿಂದೂ ದೇವಾಲಯಗಳನ್ನು ಕೆಡವಿಸಿದನು. ಅವುಗಳ ಸಂಖ್ಯೆ ಇನ್ನೂರನ್ನು ಮೀರಿತ್ತು. ಜನರು ದೇವರ ಮೂರ್ತಿಗಳನ್ನು ಹೊತ್ತು ನದಿ ದಾಟಿ ಆದಿಲ್‌ಶಾಹಿ ಸೀಮೆಗೆ ಓಡಿದರು. ಕುಂಕಳ್ಳಿ, ವೇಳಿ, ಅಸೋಳ್ಣೆ, ಅಂಬೆಲಿ, ವೆರೋಡೆ ಎಂಬ ಐದು ಹಳ್ಳಿಗಳು ಮಾತ್ರ ಬಗ್ಗಲಿಲ್ಲ. ಅವು ಕಂದಾಯವನ್ನು ನಿರಾಕರಿಸಿದವು, ಕೆಡವಿದ ಗುಡಿಗಳನ್ನು ಮತ್ತೆ ಕಟ್ಟಿದವು. ಈ ಹಳ್ಳಿಗಳ ಮೇಲೆ ದಂಡಯಾತ್ರೆಗಳು ನಡೆದವು. ಕುಂಕಳ್ಳಿಯಲ್ಲಿ ಅಕ್ವಾವಿವಾ ಅವರೊಡನೆ ಮಡಿದ ಸ್ಪೇನಿನ ಅಲ್ಫೋನ್ಸೋ ಪಚೆಕೋ ಮತ್ತು ಸ್ವಿಟ್ಜರ್‌ಲೆಂಡಿನ ಅಸ್ಕೋನಾದ ಪಿಯೆತ್ರೋ ಬೆರ್ನೋ, ಈ ಇಬ್ಬರೂ ಆ ದಂಡಯಾತ್ರೆಗಳಲ್ಲಿ ಸೈನಿಕರ ಜೊತೆಗಿದ್ದರು, ಗುಡಿಗಳ ನಾಶದಲ್ಲಿ ಕೈಜೋಡಿಸಿದ್ದರು. ಇದನ್ನು ಹೇಳುವವರು ಧರ್ಮಸಭೆಯ ವಿರೋಧಿಗಳಲ್ಲ. ಅವರನ್ನು ಕೊಂಡಾಡುವ ಕಥೋಲಿಕ ಗ್ರಂಥಗಳೇ ಇದನ್ನು ಅವರ ಉತ್ಸಾಹದ ನಿದರ್ಶನವಾಗಿ ಬರೆದಿಟ್ಟಿವೆ.

ಅಕ್ವಾವಿವಾ ಈ ಯಾವ ದಂಡಯಾತ್ರೆಯಲ್ಲೂ ಇರಲಿಲ್ಲ. ಆಗ ಅವರು ಉತ್ತರದ ಫತೇಪುರ ಸಿಕ್ರಿಯಲ್ಲಿದ್ದರು. 1583ರ ಮೇ ತಿಂಗಳಲ್ಲಿ ಗೋವೆಗೆ ಮರಳಿದ ಅವರನ್ನು ಸಾಷ್ಟಿಯ ಸೇವಾಕೇಂದ್ರಗಳ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಆ ನೆಲದ ಗಾಯಗಳನ್ನು ಅರಿಯಲು ಅವರಿಗೆ ಸಿಕ್ಕಿದ್ದು ಕೆಲವೇ ವಾರಗಳು. ಜುಲೈನ ಆ ದಿನ ಅವರು, ಪಚೆಕೋ, ಬೆರ್ನೋ, ಪೋರ್ಚುಗಲ್ಲಿನ ಅಂತೋನಿಯೋ ಫ್ರಾನ್ಸಿಸ್ಕೋ ಹಾಗೂ ಸಹೋದರ ಫ್ರಾನ್ಸಿಸ್ಕೋ ಅರಾನ್ಹಾ ಓರ್ಲಿಯ ಚರ್ಚಿನಲ್ಲಿ ಕೂಡಿ, ಕೆಲವು ಕ್ರೈಸ್ತ ಭಕ್ತರೊಡನೆ ಕುಂಕಳ್ಳಿಗೆ ಹೊರಟರು. ಶಿಲುಬೆಯನ್ನು ನೆಡುವುದು, ಚರ್ಚು ಕಟ್ಟಲು ಸ್ಥಳವನ್ನು ಆರಿಸುವುದು ಅವರ ಉದ್ದೇಶ. ಊರಿನ ಗಾಂವ್ಕರರು ಸಭೆ ಸೇರಿದರು. ಬಳಿಕ ಖಡ್ಗ, ಭರ್ಜಿಗಳನ್ನು ಹಿಡಿದ ಗುಂಪು ಇವರ ಮೇಲೆ ಎರಗಿತು. ಜೊತೆಯಲ್ಲಿದ್ದ ಪೋರ್ಚುಗೀಸ್ ಗೃಹಸ್ಥ ಗೊನ್ಸಾಲೋ ರೊಡ್ರಿಗೆಸ್ ಬಂದೂಕನ್ನು ಎತ್ತಿದಾಗ, ತಾವು ಕಾದಾಡಲು ಬಂದವರಲ್ಲವೆಂದು ತಡೆದವರು ಅದೇ ಪಚೆಕೋ. ಅಕ್ವಾವಿವಾ ಹಲವು ಗಾಯಗಳನ್ನುಂಡು, ಕೊಲ್ಲುವವರಿಗಾಗಿ ಕ್ಷಮೆ ಬೇಡುತ್ತಾ ನೆಲಕ್ಕುರುಳಿದರು. ದೇಹಗಳನ್ನು ಒಂದು ಬಾವಿಗೆ ಎಸೆಯಲಾಯಿತು.

ಇಲ್ಲಿ ಓದುಗರು ಒಂದು ಹೋಲಿಕೆಯನ್ನು ಗಮನಿಸಬೇಕು. ಫತೇಪುರ ಸಿಕ್ರಿಯಲ್ಲಿ ಅಕ್ವಾವಿವಾ ಅವರ ಬೆನ್ನ ಹಿಂದೆ ಒಬ್ಬ ಸೈನಿಕನೂ ಇರಲಿಲ್ಲ. ಅವರು ಅತಿಥಿಯಾಗಿದ್ದರು, ಒಪ್ಪದವರೂ ಮೂರು ವರ್ಷ ಕುಳಿತು ಅವರ ಮಾತನ್ನು ಕೇಳಿದರು. ಕುಂಕಳ್ಳಿಯಲ್ಲಿ ಅವರ ಬೆನ್ನ ಹಿಂದೆ ರಾಚೋಲಿನ ಕೋಟೆ ಇತ್ತು. ಅವರು ಬರಿಗೈಯಲ್ಲಿ ಬಂದರೂ ಊರಿನವರು ಕಂಡದ್ದು ಬರಿಗೈಯನ್ನಲ್ಲ, ಗುಡಿಯನ್ನು ಕೆಡವಿದ ಕೈಯನ್ನು. ಅಲ್ಲಿ ಅವರು ಸ್ಥಳ ಕೇಳಿರಲಿಲ್ಲ, ಮಾತು ಕೇಳಿದ್ದರು. ಇಲ್ಲಿ ಮಾತಿಗೆ ಮುಂಚೆ ಸ್ಥಳವನ್ನು ಗುರುತಿಸಲು ಬಂದರು. ಮನುಷ್ಯರು ಅವರೇ, ವಿಶ್ವಾಸವೂ ಅದೇ. ಬದಲಾದದ್ದು ಆ ವಿಶ್ವಾಸ ಯಾವ ಅಧಿಕಾರದ ನೆರಳಿನಲ್ಲಿ ನಡೆದು ಬಂತೆಂಬುದು. ಈ ಯುವ ಗುರುವಿನ ಜೀವನ ನಮಗೆ ಕಲಿಸುವ ಬಹುದೊಡ್ಡ ಪಾಠ ಈ ಎರಡು ಊರುಗಳ ನಡುವಿನ ಅಂತರದಲ್ಲಿ ಅಡಗಿದೆ.

ಹೆಸರಿಲ್ಲದವರು

ಆ ದಿನ ಸತ್ತವರು ಐವರು ಮಾತ್ರ ಅಲ್ಲ. ಗೊನ್ಸಾಲೋ ರೊಡ್ರಿಗೆಸ್ ಹಾಗೂ ಹದಿನಾಲ್ಕು ಮಂದಿ ಸ್ಥಳೀಯ ಕ್ರೈಸ್ತರೂ ಹತರಾದರು. ಅವರಲ್ಲಿ ಅಲ್ಫೋನ್ಸೋ ಎಂಬ ಬಾಲಕನಿದ್ದನು. ಪಚೆಕೋ ಅವರ ಪೂಜಾಸೇವಕ. ತನ್ನ ಗುರುಗಳ ಪ್ರಾರ್ಥನಾ ಪುಸ್ತಕವನ್ನು ಬಿಟ್ಟುಕೊಡದ ಕಾರಣ ಅವನ ಕೈಗಳನ್ನು ಕಡಿದರು. ಮರುದಿನದವರೆಗೆ ಜೀವ ಹಿಡಿದಿದ್ದ ಅವನನ್ನು ಬಳಿಕ ಕೊಂದರು. ಇನ್ನೊಬ್ಬ ದೊಮಿಂಗೋ, ಕುಂಕಳ್ಳಿಯದೇ ಹುಡುಗ, ರಾಚೋಲಿನಲ್ಲಿ ಓದುತ್ತಿದ್ದವನು. ದಂಡಯಾತ್ರೆಗಳ ಕಾಲದಲ್ಲಿ ಗುಡಿಗಳಿದ್ದ ಜಾಗಗಳನ್ನು ಪಾದ್ರಿಗಳಿಗೆ ತೋರಿಸಿಕೊಟ್ಟವನು ಅವನೇ. ಅವನನ್ನು ಕೊಂದವನು ಅವನ ಸ್ವಂತ ಮಾವ. ಒಂದು ಮನೆಯ ಅಂಗಳದಲ್ಲಿಯೇ ಬಿರುಕು ಬಿಟ್ಟ ಈ ನೋವಿಗೆ ಕೇವಲ ಧರ್ಮದ್ವೇಷವೆಂದು ಹೆಸರಿಟ್ಟರೆ ಸಾಕೇ?

ಈ ಹದಿನೈದು ಗೃಹಸ್ಥರು 1893ರ ಪುನೀತರ ಪಟ್ಟಿಯಲ್ಲಿ ಸೇರಲಿಲ್ಲ. ಗುರುಗಳ ಜೊತೆಯಲ್ಲಿಯೇ, ಅದೇ ಜಾಗದಲ್ಲಿ, ಅದೇ ಕಾರಣಕ್ಕೆ ಸತ್ತ ಗೃಹಸ್ಥರು ಕಥೆಯ ಅಂಚಿನಲ್ಲಿ ಉಳಿದರು. ಕೈ ಕಡಿಸಿಕೊಂಡ ಬಾಲಕನ ಹೆಸರು ನಮ್ಮ ಧರ್ಮೋಪದೇಶದ ತರಗತಿಯ ಮಕ್ಕಳಿಗೆ ಗೊತ್ತಿಲ್ಲ. ಯುವ ರಕ್ತಸಾಕ್ಷಿಯ ಪರಂಪರೆಯ ಬಗ್ಗೆ ಮಾತನಾಡುವಾಗ ಡ್ಯೂಕರ ಮಗನನ್ನು ಮಾತ್ರ ನೆನೆದು, ಪುಸ್ತಕ ಹೊತ್ತ ಹಳ್ಳಿಯ ಹುಡುಗನನ್ನು ಮರೆಯುವುದು ಶುಭಸಂದೇಶದ ಕ್ರಮವಲ್ಲ.

ಕಥೆಯ ಮುಂದಿನ ಭಾಗ ಇನ್ನೂ ಕಠಿಣವಾದದ್ದು. ಕೆಲವು ಕಾಲದ ಬಳಿಕ ರಾಚೋಲಿನ ಕ್ಯಾಪ್ಟನ್, ಮಾತುಕತೆಗೆಂದು ಊರಿನ ಹದಿನಾರು ಮುಖಂಡರನ್ನು ಅಸೋಳ್ಣೆಯ ಕೋಟೆಗೆ ಕರೆಸಿದನು. ನಂಬಿ ಬಂದವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದನು. ಒಬ್ಬನು ಮಾತ್ರ ತಪ್ಪಿಸಿಕೊಂಡು, ಸಾಳ ನದಿಯನ್ನು ಈಜಿ, ಕಾರವಾರದ ಕಡೆಗೆ ಪಾರಾದನೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಹಳ್ಳಿಗಳ ಜಮೀನುಗಳು ಮುಟ್ಟುಗೋಲಾದವು. ಕೊಲೆಗಾರರಿಗಾಗಿ ಕ್ಷಮೆ ಬೇಡಿ ಸತ್ತವರ ಹೆಸರಿನಲ್ಲಿ ನಡೆದ ಸೇಡು ಇದು. ಅಕ್ವಾವಿವಾ ಅವರ ಕೊನೆಯ ಪ್ರಾರ್ಥನೆಯನ್ನು ಮೊದಲು ತಿರಸ್ಕರಿಸಿದವರು ಅನ್ಯರಲ್ಲ, ಜ್ಞಾನಸ್ನಾನ ಪಡೆದವರೇ. ಮರಣದೊಂದಿಗೆ ಮುಗಿದುಬಿಡುವ ಚರಿತ್ರೆಗಳಿಗೆ ಇದನ್ನು ಹೇಳುವ ಅವಕಾಶವೇ ಒದಗುವುದಿಲ್ಲ.

ಇಂದು ಕುಂಕಳ್ಳಿಯಲ್ಲಿ ಎರಡು ನೆನಪುಗಳು ಅಕ್ಕಪಕ್ಕದಲ್ಲಿವೆ. ಬಾವಿಯ ಬಳಿಯಲ್ಲಿ ಪ್ರಾರ್ಥನಾಲಯವಿದೆ. ಕೊಲೆಯಾದ ಮುಖಂಡರಿಗಾಗಿ ಈ ಶತಮಾನದಲ್ಲಿ ಎದ್ದ ಸ್ಮಾರಕವೂ ಇದೆ. ಆಗ ಫಾತರ್ಪೆಗೆ ಸಾಗಿಸಲಾದ ಕುಂಕಳ್ಳಿಯ ಶಾಂತಾದುರ್ಗೆಯನ್ನು ವರ್ಷಕ್ಕೊಮ್ಮೆ, ಫಾಲ್ಗುಣ ಮಾಸದಲ್ಲಿ, ಹನ್ನೆರಡು ವಂಶಗಳ ಹನ್ನೆರಡು ಛತ್ರಿಗಳೊಂದಿಗೆ ಮೆರವಣಿಗೆಯಲ್ಲಿ ಊರಿಗೆ ತರುತ್ತಾರೆ. ಆ ವಂಶಗಳ ಕ್ರೈಸ್ತ ಕುಟುಂಬಗಳೂ ಈ ದಿನದಲ್ಲಿ ಪಾಲುಗೊಳ್ಳುವುದುಂಟು. ಗ್ರಂಥಗಳು ಹೊಂದಿಸಲಾರದ್ದನ್ನು ಊರಿನ ಜನ ತಮ್ಮ ರೀತಿಯಲ್ಲಿ ಹೊಂದಿಸಿಕೊಂಡಿದ್ದಾರೆ.

ನಮ್ಮ ಕರಾವಳಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಬಹಳ ಹತ್ತಿರದ್ದು. 1569ರಲ್ಲಿ ಪೋರ್ಚುಗೀಸರು ನಮ್ಮ ಬಸ್ರೂರನ್ನು ಹಿಡಿದರು. ಇಲ್ಲಿನ ಅಕ್ಕಿಯಿಂದ ಗೋವೆಯ ಹೊಟ್ಟೆ ತುಂಬುತ್ತಿತ್ತು. ಮುಂದಿನ ನೂರೈವತ್ತು ವರ್ಷಗಳಲ್ಲಿ ಯುದ್ಧ, ಕ್ಷಾಮ, ತೆರಿಗೆ, ಧಾರ್ಮಿಕ ವಿಚಾರಣಾ ನ್ಯಾಯಾಲಯದ ಭಯ, ಹೀಗೆ ಹಲವು ಕಾರಣಗಳಿಂದ ಗೋವೆಯ ಕ್ರೈಸ್ತರು ಕೆನರಾ ಕರಾವಳಿಗೆ ಇಳಿದರು. ಅದೇ ಕಾಲದಲ್ಲಿ, ತಮ್ಮ ಗುಡಿಗಳನ್ನು ಕಳೆದುಕೊಂಡ ಸಾರಸ್ವತ ಕುಟುಂಬಗಳೂ ದೇವರ ಪೆಟ್ಟಿಗೆಯನ್ನು ಹೊತ್ತು ಇದೇ ದಾರಿಯಲ್ಲಿ ಬಂದವು. ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಅವರ ದೇವಾಲಯಗಳೂ ನಮ್ಮ ಚರ್ಚುಗಳೂ ಕೂಗಳತೆಯ ದೂರದಲ್ಲಿವೆ. ಎರಡೂ ಮನೆಗಳ ಕೊಂಕಣಿಯ ರಾಗ ಬೇರೆಯಾದರೂ ಬೇರು ಒಂದೇ. ಕಿರಿಮಂಜೇಶ್ವರದಂತಹ ಊರಿನಲ್ಲಿ ಅಗಸ್ತ್ಯೇಶ್ವರನ ಜಾತ್ರೆಯ ದಿನವೂ ಕ್ರಿಸ್ಮಸ್ ರಾತ್ರಿಯೂ ಅಕ್ಕಪಕ್ಕದ ಮನೆಗಳಿಗೆ ಸಂಬಂಧಿಸಿದ ದಿನಗಳೇ. ಇಂತಹ ಕಡೆ ಕುಂಕಳ್ಳಿಯ ಕಥೆಯನ್ನು ಹೇಳುವಾಗ, ಕೇಳುಗರಲ್ಲಿ ಒಬ್ಬರ ಪೂರ್ವಜರು ಬಾವಿಗೆ ಬಿದ್ದವರ ಕಡೆಯವರೂ, ಇನ್ನೊಬ್ಬರ ಪೂರ್ವಜರು ಗುಡಿ ಕಳೆದುಕೊಂಡವರ ಕಡೆಯವರೂ ಆಗಿರಬಹುದೆಂಬ ಎಚ್ಚರ ಬೇಡವೇ?

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ಹಗುರವಾದದ್ದಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಆರಾಧನಾ ಮಠದ ಮೇಲೆ, ಅದೇ ದಿನಗಳಲ್ಲಿ ಕರಾವಳಿಯ ಇನ್ನೂ ಕೆಲವು ಪ್ರಾರ್ಥನಾ ಸ್ಥಳಗಳ ಮೇಲೆ ನಡೆದ ದಾಳಿಗಳನ್ನು ನಮ್ಮ ಕುಟುಂಬಗಳು ಮರೆತಿಲ್ಲ. ಹೀಗಿರುವಾಗ ನಾವೇ ನಮ್ಮ ಇತಿಹಾಸದ ಕಪ್ಪು ಪುಟಗಳನ್ನು ತೆರೆದರೆ ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಭಯಕ್ಕೆ ಕಾರಣವಿದೆ. ಆದರೆ ಆ ಪುಟಗಳು ಮುಚ್ಚಿಲ್ಲ. ಬೇರೆಯವರು ಅವನ್ನು ಆಗಲೇ ಓದುತ್ತಿದ್ದಾರೆ, ತಮಗೆ ಬೇಕಾದಂತೆ ಓದುತ್ತಿದ್ದಾರೆ. ನಾವು ಮೌನವಾಗಿದ್ದರೆ ನಮ್ಮ ಮಕ್ಕಳು ಆ ಕಥೆಯನ್ನು ಮೊದಲ ಬಾರಿಗೆ ದ್ವೇಷದ ಬಾಯಿಂದ ಕೇಳುತ್ತಾರೆ. ಆಗ ಅವರಿಗೆ ಎರಡೇ ದಾರಿ: ಎಲ್ಲವನ್ನೂ ಸುಳ್ಳೆಂದು ನಿರಾಕರಿಸುವುದು, ಇಲ್ಲವೇ ತಮ್ಮ ವಿಶ್ವಾಸಕ್ಕಾಗಿ ನಾಚುವುದು. ಮನೆಯಲ್ಲಿಯೇ ಪೂರ್ತಿ ಕಥೆಯನ್ನು ಕೇಳಿದ ಮಗುವಿಗೆ ಈ ಎರಡೂ ಬೇಕಾಗುವುದಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರತೆಯನ್ನೂ ಗೌರವಿಸುವಂತೆ ಕಲಿಸಿತು; ಧಾರ್ಮಿಕ ವಿಷಯದಲ್ಲಿ ಬಲವಂತ ಸಲ್ಲದೆಂದು ಸಾರಿತು. 2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಎರಡನೆಯ ಜಾನ್ ಪೌಲರು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಸೇವೆಯ ಹೆಸರಿನಲ್ಲಿ ಕ್ರೈಸ್ತರು ಬಳಸಿದ ಶುಭಸಂದೇಶಕ್ಕೆ ತಕ್ಕುದಲ್ಲದ ಮಾರ್ಗಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು. ಆ ಪ್ರಾರ್ಥನೆಯ ಬೆಳಕಿನಲ್ಲಿ 1567ರ ಸಾಷ್ಟಿಯನ್ನೂ 1583ರ ಅಸೋಳ್ಣೆಯನ್ನೂ ನೋಡಲು ನಮಗೆ ಸಂಕೋಚವೇಕೆ?

ಹಾಗಾದರೆ ಅಕ್ವಾವಿವಾ ರಕ್ತಸಾಕ್ಷಿಯಲ್ಲವೇ? ಹೌದು, ನಿಸ್ಸಂದೇಹವಾಗಿ ಹೌದು. ಧರ್ಮಸಭೆ ಒಬ್ಬರನ್ನು ಪುನೀತರೆಂದು ಸಾರುವಾಗ, ಅವರು ಕ್ರಿಸ್ತನಿಗಾಗಿ ಪ್ರಾಣ ಕೊಟ್ಟ ರೀತಿಗೆ ಮುದ್ರೆಯೊತ್ತುತ್ತದೆ. ಅವರ ಹಿಂದಿದ್ದ ಕೋಟೆಗೆ, ಕ್ಯಾಪ್ಟನ್ನನಿಗೆ, ಅರಸೊತ್ತಿಗೆಗೆ ಪ್ರಮಾಣಪತ್ರ ಕೊಡುವುದಿಲ್ಲ. ಬಂದೂಕನ್ನು ತಗ್ಗಿಸಿದ ಪಚೆಕೋ ಅವರ ಕೈ, ಹಿಂದೆ ಗುಡಿ ಕೆಡವಿದ ಕೈಯೇ. ಕೊನೆಯ ಗಳಿಗೆಯಲ್ಲಿ ಆ ಕೈ ಶುಭಸಂದೇಶದ ಕಡೆಗೆ ತಿರುಗಿತೆಂಬುದರಲ್ಲಿ ಕೃಪೆಯ ಕೆಲಸವನ್ನು ಕಾಣಬಹುದು. ಹಿಂದಿನದನ್ನು ಅಳಿಸಿಬಿಟ್ಟರೆ ಈ ಪರಿವರ್ತನೆಯೂ ಕಾಣದಾಗುತ್ತದೆ. ಅಷ್ಟೇ ಅಲ್ಲ, ಕೊಲ್ಲುವವರನ್ನು ರಾಕ್ಷಸರೆಂದು ಚಿತ್ರಿಸಿದರೆ ಕ್ಷಮೆಗೂ ಅರ್ಥ ಉಳಿಯುವುದಿಲ್ಲ. ಕ್ಷಮಿಸಬೇಕಾದವರು ಕಾರಣವುಳ್ಳ, ನೋವುಂಡ ಮನುಷ್ಯರಾಗಿದ್ದಾಗಲೇ ಕ್ಷಮೆ ದೊಡ್ಡದು.

ಕುಂಕಳ್ಳಿಯ ಘಟನೆ ನಡೆದು ಅರವತ್ತೆಂಟು ವರ್ಷಗಳಾಗುವ ಮೊದಲೇ, 1651ರ ಏಪ್ರಿಲ್ 21ರಂದು, ಅದೇ ಸಾಷ್ಟಿಯ ಬಾಣಾವಳಿಯಲ್ಲಿ ಒಂದು ಮಗು ಹುಟ್ಟಿತು. 1681ರಲ್ಲಿ ಕೆನರಾಕ್ಕೆ ಬಂದು ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರ, ಕಲ್ಯಾಣಪುರಗಳಲ್ಲಿ ಅಲೆದು, ಗುರುಗಳಿಲ್ಲದೆ ಚದರಿಹೋಗಿದ್ದ ನಮ್ಮ ಹಿರಿಯರನ್ನು ಒಗ್ಗೂಡಿಸಿದ ಜೋಸೆಫ್ ವಾಜ್ ಅವರೇ ಆ ಮಗು. ಮುಂದೆ ಸಿಂಹಳಕ್ಕೆ ಅವರು ಹೋದದ್ದು ಕೋಟೆಯ ನೆರಳಿನಲ್ಲಿ ಅಲ್ಲ, ಕೂಲಿಯ ವೇಷದಲ್ಲಿ. ಸಿಡುಬು ಹರಡಿದಾಗ ಕ್ಯಾಂಡಿಯ ಬೀದಿಗಳಲ್ಲಿ ಧರ್ಮಭೇದವೆಣಿಸದೆ ರೋಗಿಗಳ ಆರೈಕೆ ಮಾಡಿದರು. ಬೌದ್ಧ ಅರಸನೇ ಅವರಿಗೆ ರಕ್ಷಣೆ ನೀಡಿದನು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ವಾಜ್ ಅವರ ರಕ್ತ ಚೆಲ್ಲಲಿಲ್ಲ. ಆದರೆ ಅಕ್ವಾವಿವಾ ಫತೇಪುರ ಸಿಕ್ರಿಯಲ್ಲಿ ಅತಿಥಿಯಾಗಿ ಹಿಡಿದ ದಾರಿಯನ್ನು, ಕುಂಕಳ್ಳಿಯ ಪಕ್ಕದ ಊರಿನ ಮಗ ಮುಂದಕ್ಕೆ ನಡೆದು ತೋರಿಸಿದರು.

ಆದುದರಿಂದ ಪ್ರಿಯ ಓದುಗರೇ, ಈ ಯುವ ರಕ್ತಸಾಕ್ಷಿಯ ಕಥೆಯನ್ನು ಮನೆಯಲ್ಲಿ, ತರಗತಿಯಲ್ಲಿ, ಯಾತ್ರೆಯ ಬಸ್ಸಿನಲ್ಲಿ ಹೇಳುವಾಗ ಪೂರ್ತಿಯಾಗಿ ಹೇಳೋಣ. ಬೆಂಕಿಯ ಪರೀಕ್ಷೆಯನ್ನು ಒಲ್ಲೆನೆಂದ ವಿವೇಕವನ್ನು ಹೇಳೋಣ, ಚಿನ್ನವನ್ನು ಬಿಟ್ಟು ಗುಲಾಮರ ಬಿಡುಗಡೆಯನ್ನು ಕೇಳಿದ ಕರುಣೆಯನ್ನು ಹೇಳೋಣ, ಕೆಡವಿದ ಗುಡಿಗಳನ್ನೂ ಹೇಳೋಣ. ಪುಸ್ತಕ ಬಿಡದ ಅಲ್ಫೋನ್ಸೋವಿನ ಹೆಸರನ್ನು ಐವರ ಹೆಸರುಗಳ ಜೊತೆಗೆ ಸೇರಿಸೋಣ. ಅಸೋಳ್ಣೆಗೆ ಮಾತುಕತೆಗೆಂದು ನಂಬಿ ಹೋಗಿ ಹಿಂತಿರುಗದವರ ಆತ್ಮಗಳಿಗಾಗಿ ಒಂದು ಗಳಿಗೆ ತಲೆಬಾಗೋಣ. ಅವರಿಗಾಗಿ ಮೊದಲು ಪ್ರಾರ್ಥಿಸಿದವರು ಅಕ್ವಾವಿವಾ ಅವರೇ. ಆ ಪ್ರಾರ್ಥನೆಯನ್ನು ಮುಂದುವರಿಸುವ ಹೊಣೆ ಈಗ ನಮ್ಮದು.